ರಾಣಿಗೆ ಒಂದ ಚೌಕ

ಈ ಸಲ ರಂಜಕದ ಬಗ್ಗೆ ಬರೀತೇನಿ ಅಂತ ಹೇಳಿದ್ದೆ. ಅದು ಮುಂದಿನ ಸಲಕ್ಕ ಇರ್ಲಿ. ಸಿಟ್ಟಿನಾಗ ಖಾರದ ಅಳತಿ ಬರೆಯಾಕ ಕುಂತ್ರ ಅಳತಿ ತಪ್ಪತೈತಿ, ಆಮ್ಯಾಲ ನೀವೆಲ್ಲಾ ನನಗ ಬೈತೀರಿ.

ಸೂಟಿಗೆ ಮಗಳ ಮಕ್ಕಳು ಬಂದಾರ. ಸಣ್ಣಾಂವ ಮೂರನೇತ್ತೆ, ದೊಡ್ಡಾಕಿ ಆರನೇತ್ತೆ. ಸಣ್ಣಾಂವಗ ಟಿ.ವಿ. ಬಂದ್ ಮಾಡಿದ್ರ ಚಿತ್ರಾ ತಗಿಯೂ ಹುಚ್ಚು. ಹಳೇ ವಹಿ ಹರದು, ಒಂದ ಹಾಳಿಗೆ ನಾಕು ಚೌಕದಂಗ ಆರು ಹಾಳಿ ಮಾಡಿ, ಒಟ್ಟು ಇಪ್ಪತ್ನಾಕು ಚೌಕದ ಒಂದ ಕಾಮಿಕ್ಸ್ ಬರದ. ಮ್ಯಾಲ ದೊಡ್ಡ ಅಕ್ಷರದಾಗ 'ಸೂಪರ್ ಹೀರೋ ರಾಯಣ್ಣ'. ರಾಯಣ್ಣನ ಹೆಗಲ ಮ್ಯಾಲಿನ ಕಂಬಳಿ ಗಾಳ್ಯಾಗ ಹಾರೇತಿ, ಸೂಪರ್‌ಮ್ಯಾನ್ ಬೆನ್ನಿಗೆ ಕಟ್ಕೊಂಡ ಅರಿವಿ ಹಾರಿದಂಗ. ನೋಡಿ ನಕ್ಕೆ. ಛಲೋ ತಗದಾನ ಅಂತ ಬೆನ್ನ ತಟ್ಟಿದೆ. ಎರಡನೇ ಚೌಕದಾಗ ಒಬ್ಬಾಕಿ ಹೆಣ್ಮಗಳು ಕಿರೀಟಾ ಹಾಕ್ಕೊಂಡು ಅಂವಗ ಕತ್ತಿ ಕೊಡಾಕತ್ತಾಳ. ಅಷ್ಟ. ಮುಂದಿನ ಇಪ್ಪತ್ತೆರಡು ಚೌಕ ತಿರುವಿ ಹಾಕಿದೆ, ಆಕಿ ಎಲ್ಲೂ ಇಲ್ಲ.

'ಇಕಿ ಯಾರೋ ತಮ್ಮಾ?'

'ಚನ್ನಮ್ಮ.'

'ಮುಂದ ಎಲ್ಲಿ ಹ್ವಾದ್ಲು?'

'ಆಕಿದು ಸೈಡ್ ರೋಲ್ ಅಜ್ಜಿ. ಆಕಿ ಕತ್ತಿ ಕೊಡೂಕಿ.'

ಈ ಮಾತ ಅಂದಿದ್ದು ಬೆಂಗಳೂರಾಗ ಅಲ್ರಿ, ಬೈಲಹೊಂಗಲದಾಗ, ನಮ್ಮ ಪಡಸಾಲ್ಯಾಗ ಕುಂತು. ಆಕಿ ಸಮಾಧಿ ಇಲ್ಲೇ ಊರಾಗ ಐತಿ. ದೊಡ್ಡಾಕಿ ಅಲ್ಲೇ ಇದ್ಲು, ಆಕಿನೂ ತಮ್ಮನ ಕಡೆನ ನಿಂತ್ಲು. ಸಾಲ್ಯಾಗ ನಾಟಕಾ ಮಾಡಿಸಿದಾಗ ಟೀಚರು ಇಕಿಗೆ ರಾಣಿ ಪಾರ್ಟ್ ಕೊಡಾಕ ಬಂದಿದ್ರಂತ. ಇಕಿ, 'ನಾ ರಾಯಣ್ಣ ಆಗಾಕಿ, ರಾಣಿ ಆದ್ರ ಜರದ ಸೀರಿ ಉಟ್ಟು ಕುರ್ಚಿ ಮ್ಯಾಲ ಕುಂದರೂದು, ಒಂದ ಡೈಲಾಗ್ ಹೇಳೂದು, ಅಷ್ಟ ಕೆಲಸ' ಅಂದ್ಳಂತ. ಹುಡುಗಿ ರಾಯಣ್ಣ ಆಗ್ತೇನಿ ಅಂದಿದ್ದು ಕೇಳಿ ಹೊಟ್ಟಿ ತಣ್ಣಗಾತು. ಯಾಕ ಆಗ್ತೇನಿ ಅಂದ್ಳು ಅನ್ನೂದು ಕೇಳಿ ಹೊಟ್ಟ್ಯಾಗ ಬೆಂಕಿ ಬಿತ್ತು.

ಇಲ್ಲಿಗೇ ಯಾರರೆ ಮಾರಿ ಕೆಂಪ ಮಾಡ್ಕೊಂಡ್ರ ತಡೀರಿ. ನಾ ರಾಯಣ್ಣನ ಮ್ಯಾಲ ಬರಿಯಾಕತ್ತಿಲ್ಲ. ಲಗ್ನಾಗಿ ಐದು ವರ್ಷ ಮಕ್ಕಳಾಗಲಿಲ್ಲ ಅಂತ ನಮ್ಮ ಅತ್ತಿಯವರು ನನ್ನ ನಂದಗಡಕ್ಕ ಕರಕೊಂಡ ಹೋಗಿದ್ರು. ಅಲ್ಲಿ ರಾಯಣ್ಣನ ಸಮಾಧಿ ಮ್ಯಾಲಿನ ಆಲದ ಮರಕ್ಕ ತೊಟ್ಟಿಲಾ ಕಟ್ಟಿ ಬೇಡ್ಕೊಂಡಾಕಿ ನಾ. ಮುಂದ ಹುಟ್ಟಿದಾಕಿನ ಈ ಹುಡುಗೂರ ಅವ್ವ. ಅಂದಮ್ಯಾಲ ಅಂವ ಈ ಮನಿಗೆ ಏನು ಅನ್ನೂದು ನನಗ ಯಾರೂ ಹೇಳಿಕೊಡಬೇಕಾಗಿಲ್ಲ. ಆದರ ಅದ ಹೊತ್ತಿಗೆ ಒಂದ ಲೆಕ್ಕಾನೂ ಹೇಳತೇನಿ. ಮೂವತ್ತು ವರ್ಷಕ್ಕಿಂತ ಹೆಚ್ಚು ಈ ಊರಾಗ ಬಾಳೇವು ಮಾಡೇನಿ. ನಂದಗಡಕ್ಕ ಬಸ್ಸ ಬದಲಿ ಮಾಡಿ ಮೂರು ಸಲ ಹೋಗೇನಿ. ಊರಾಗಿನ ಚನ್ನಮ್ಮನ ಸಮಾಧಿಗೆ ಹೋಗಿದ್ದು ಎರಡ ಸಲ, ಅದರಾಗ ಒಂದ ಸಲ ಬೀಗರಿಗೆ ತೋರಸಾಕ. ಹುಡುಗನ ಚೌಕದ ತಪ್ಪು ಮೊದಲ ನಂದು.

ಮಗ್ಗಲ ಮನಿ ಅಕ್ಕಾರ ಈ ಸುದ್ದಿ ಕೇಳಿ ಒಂದ ಮಾತ ಅಂದ್ರು: 'ಅದಕ್ಯಾಕ ಇಷ್ಟ ತಲಿ ಕೆಡಿಸ್ಕೋತಿ? ರಾಮನ ಗುಡಿ ಎಷ್ಟ ಊರಾಗ ಅದಾವು? ಹಣಮಪ್ಪನ ಗುಡಿ ಊರಿಗೊಂದು ಐತಿ. ರಾಮ ಏನ ಸಿಟ್ಟಿಗೆದ್ದಾನನ?' ಮಾತು ಖರೇನ. ನಾನೂ ಒಂದ ದಿನಾ ಪೂರ್ತಿ ಅದನ್ನ ತಲ್ಯಾಗ ಇಟಗೊಂಡು ರೊಟ್ಟಿ ಬಡದೆ.

ನಮ್ಮ ಸೀಮ್ಯಾಗ ಮಗ್ಗಲ ಪಾರ್ಟಿನವರು ದೊಡ್ಡವರಾಗೂದು ಹೊಸಾದಲ್ಲ. ರಾಮದುರ್ಗ ತಾಲೂಕಿನ ಸುರೇಬಾನದಾಗ ಶಬರಿಕೊಳ್ಳ ಐತೆಲ್ಲಾ? ರಾಮಾಯಣದಾಗ ಶಬರಿ ಎಷ್ಟ ಹೊತ್ತು ಬರ್ತಾಳ? ಹಣ್ಣ ಕೊಟ್ಟು ಹೋಗ್ತಾಳ. ಅಲ್ಲಿ ಹೋಗಿ ನೋಡ್ರಿ, ಗುಡಿ ಆಕಿದು, ಹೆಸರು ಆಕಿದು. ಸವದತ್ತಿ ಗುಡ್ಡಕ್ಕ ಬರ್ರಿ. ಕತಿ ಹೇಳೂ ಮುಂದ ಜಮದಗ್ನಿ ದೊಡ್ಡ ಋಷಿ, ಅವನ ಹೆಂಡತಿ ರೇಣುಕಾ, ತಂದಿ ಮಾತ ಕೇಳಿ ತಾಯಿ ತಲಿ ಕಡದ ಮಗ ಪರಶುರಾಮ, ಹಿಂಗ ಹೇಳತಾರ. ಗುಡ್ಡದ ಮ್ಯಾಲ ಜಮದಗ್ನಿ ಗುಡಿನೂ ಐತಿ, ಪರಶುರಾಮಂದೂ ಐತಿ. ಆದರ ಹುಣ್ಣಿವಿಗೆ ಚಕ್ಕಡಿ ಕಟಗೊಂಡು, ಟ್ರ್ಯಾಕ್ಟರ್ ಮಾಡ್ಕೊಂಡು ಬಂದು ನಾವು 'ಉಧೋ ಉಧೋ' ಅನ್ನೂದು ಯಾರಿಗೆ? ತಲಿ ಕಡಿಸಿಕೊಂಡಾಕಿಗೆ. ಅಲ್ಲಿ ಮಂದಿ ಕತೀನ ತಿರುವಿ ಹಾಕ್ಯಾರ, ನನಗ ಅದು ಭಾಳ ಸೇರತೈತಿ.

ಹಂಗಾರ ನನ್ನ ತಕರಾರು ಏನು? ಹಣಮಪ್ಪ ಎದಿ ಸೀಳಿ ತೋರಿಸಿದ್ರ ಒಳಗ ರಾಮ ಇರ್ತಾನ. ಎಲ್ಲಮ್ಮನ ಪದಾ ಹಾಡಿದ್ರ ಜಮದಗ್ನಿ ಸಿಟ್ಟು ಹಾಡಾಕ ಬೇಕ. ದೊಡ್ಡವರಾದವರು ಮೊದಲಿನವರನ್ನ ಕತಿ ಹೊರಗ ಹಾಕಿಲ್ಲ. ನಮ್ಮ ಕಿತ್ತೂರ ಕತ್ಯಾಗ ಹಂಗಾಗಿಲ್ಲ. ರಾಯಣ್ಣ ಬೆಳೆದಷ್ಟೂ ರಾಣಿನ ಸಣ್ಣಾಕಿ ಮಾಡಿ, ಕಡೀಕ ಕತ್ತಿ ಇಡೂ ಗೂಟ ಮಾಡ್ಯಾರ.

ನಡದದ್ದು ಏನು ಅಂತ ಸ್ವಲ್ಪ ಹೇಳತೇನಿ, ಸಾಲ್ಯಾಗ ಓದಿದ್ದು ನಿಮಗೂ ಮರತಿರಬೇಕು. ಚನ್ನಮ್ಮ ಹುಟ್ಟಿದ್ದು 1778ರಾಗ, ಬೆಳಗಾಂವಿ ಹತ್ತರ ಕಾಕತಿಯೊಳಗ. ಕಿತ್ತೂರ ಮಲ್ಲಸರ್ಜ ದೇಸಾಯಿ 1816ರಾಗ ತೀರಿಕೊಂಡ. ಆಕಿ ಹೊಟ್ಟೀಲೆ ಹುಟ್ಟಿದ ಮಗ ಉಳೀಲಿಲ್ಲ. ಗಾದಿ ಮ್ಯಾಲ ಬಂದಾಂವ ಸವತಿ ಮಗ ಶಿವಲಿಂಗರುದ್ರಸರ್ಜ. ಅಂವನೂ 1824ರ ಸೆಪ್ಟೆಂಬರಿನ್ಯಾಗ ಹೋದ. ಹೋಗೂ ಮುಂಚೆ ಶಿವಲಿಂಗಪ್ಪ ಅನ್ನೂ ಹುಡುಗನ್ನ ದತ್ತಕ ತಗೊಂಡಿದ್ದ. ಧಾರವಾಡದಾಗ ಕಲೆಕ್ಟರ್ ಇದ್ದ ಥ್ಯಾಕರೆ ಸಾಹೇಬ ಈ ದತ್ತಕ ಒಪ್ಪಲಿಲ್ಲ. ದತ್ತಕದ ಪತ್ರದ ಮ್ಯಾಗಿನ ಸಹಿ ಖರೇನೋ ಖೊಟ್ಟಿನೋ ಅಂತ ಸಂಶೇ ತಗದ. ಖಜಾನಿಗೆ ಮುದ್ರಿ ಒತ್ತಿಸಿದ.

ಈಗ ಹೇಳ್ರಿ, ಇದು ನಮಗ ಗೊತ್ತಿಲ್ಲದ ಕತಿನ? ಮನ್ಯಾಗ ಗಂಡಸು ಹೋದಮ್ಯಾಲ ಉತಾರದಾಗ ಹೆಸರು ಏರಸಾಕ ವಾರಸಾ ಕಾಗದಾ ಹಿಡಕೊಂಡು ಕಚೇರಿ ಕಚೇರಿ ಅಡ್ಡಾಡಿದ ಹೆಣ್ಮಕ್ಕಳು ನಮ್ಮ ಓಣ್ಯಾಗ ಎಷ್ಟ ಮಂದಿ ಅದೀವಿ? 'ಸಹಿ ಹೊಂದೂದಿಲ್ಲ' ಅಂತ ಅನ್ನಿಸ್ಕೊಂಡವರು ಎಷ್ಟ ಮಂದಿ? ಸಾಲಿ ನಾಟಕದಾಗ ಎಲ್ಲಾ ಹುಡುಗ್ಯಾರೂ ಕಪ್ಪದ ಡೈಲಾಗ್ ಹೊಡೀತಾರ, ಚಪ್ಪಾಳಿ ಬೀಳತಾವು. ಖರೇ ಜಗಳಾ ದತ್ತಕದ್ದು, ಖಜಾನಿ ಕೀಲೀದು. ಡೈಲಾಗ್ ಹೊಡಿಯೂಕಿಂತ ಮೊದಲ ಆಕಿ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗ ಪತ್ರಾ ಬರದಾಕಿ. ಅಂವ ಕೇಳಲಿಲ್ಲ. ಪತ್ರಾ, ವಕೀಲಿ, ಸೈರಣಿ ಎಲ್ಲಾ ಮುಗದ ಮ್ಯಾಲ ಆಕಿ ಬಾಗಲಾ ಹಾಕಿಸಿದ್ದು.

1824ರ ಅಕ್ಟೋಬರ್ 23ಕ್ಕ ಥ್ಯಾಕರೆ ತೋಪು ತಂದು ಕ್ವಾಟಿ ಮುಂದ ನಿಂತ. ಕ್ವಾಟಿ ಬಾಗಲಾ ತಗದು ಕಿತ್ತೂರ ಮಂದಿ ಹೊರಗ ನುಗ್ಗಿತು, ಥ್ಯಾಕರೆ ಸತ್ತ. ನಮ್ಮ ಹುಡುಗನ ಒಂಬತ್ತನೇ ಚೌಕದಾಗ ರಾಯಣ್ಣ ಹಾರಿ ಬಂದು ಕತ್ತೀಲೆ ಥ್ಯಾಕರೆನ ಕಡದಾನ. ಆದರ ಅವನ್ನ ಗುಂಡ ಹೊಡದು ಕೆಡವಿದಾಂವ ಅಮಟೂರ ಬಾಳಪ್ಪ. ಅಮಟೂರು ನಮ್ಮ ತಾಲೂಕಿನ ಊರ, ಆ ಊರಿನ ಹೆಣ್ಣ ನಮ್ಮ ಮನಿಗೆ ಸೊಸಿ ಆಗಿ ಬಂದಾಳ, ಆಕಿನ ಚೌಕ ನೋಡಿ 'ನಮ್ಮ ಬಾಳಪ್ಪ ಎಲ್ಲಿ ಹ್ವಾದ?' ಅಂತ ಕೇಳಿದ್ಲು. ಸರದಾರ ಗುರುಸಿದ್ಧಪ್ಪ ಎಲ್ಲಿ ಹ್ವಾದ? ಒಬ್ಬನ್ನ ಸೂಪರ್ ಹೀರೋ ಮಾಡಾಕ ಹೋದ್ರ ಹಿಂಗ ಆಗತೈತಿ. ಉಳದವರು ಮಾಡಿದ್ದೂ ಎಲ್ಲಾ ಅವನ ಉಡಿಗೆ ಬೀಳತೈತಿ.

ಆ ದಿನಾ ಎಲಿಯಟ್, ಸ್ಟೀವನ್‌ಸನ್ ಅಂತ ಇಬ್ಬರು ಇಂಗ್ರೇಜಿ ಅಧಿಕಾರಿಗಳು ಸೆರಿ ಸಿಕ್ಕರು. ರಾಣಿ ಅವರನ್ನ ಕೊಲ್ಲಿಸಲಿಲ್ಲ. ಕಡೀಕ ಬಿಟ್ಟ ಕಳಿಸಿದ್ಲು. ಅದರಾಗಿನ ಎಲಿಯಟ್ ಮುಂದ ನಮ್ಮ ಕಡೆ ಕಲ್ಲಿನ ಶಾಸನಾ ಹುಡುಕಿ ಕೂಡಿಸಿ ದೊಡ್ಡ ಹೆಸರಾದ. ಆಕಿ ಅವತ್ತ ಮನಸ್ಸು ಬ್ಯಾರೆ ಮಾಡಿದ್ದರ ನಮ್ಮ ನಾಡಿನ ಶಾಸನಗಳ ಕತಿನೂ ಬ್ಯಾರೆ ಆಗತಿತ್ತು. ಇದನ್ನ ಯಾವ ಹುಡುಗ ಚೌಕದಾಗ ತಗೀತಾನ? ಕೊಲ್ಲದ ಬಿಟ್ಟಿದ್ದು ಚಿತ್ರದಾಗ ಕಾಣೂದಿಲ್ಲ.

ಡಿಸೆಂಬರಿನ್ಯಾಗ ಕಂಪನಿ ದೊಡ್ಡ ದಂಡ ತಂತು, ಕಿತ್ತೂರ ಬಿತ್ತು. ರಾಣಿನ ತಂದು ನಮ್ಮ ಬೈಲಹೊಂಗಲದ ಕ್ವಾಟಿ ಒಳಗ ಇಟ್ಟರು. ಜೋಡೀಲೆ ಸೊಸಿಯಂದ್ರು ವೀರವ್ವ, ಜಾನಕಿಬಾಯಿ. ಆಕಿ ಅಲ್ಲೇ 1829ರ ಫೆಬ್ರುವರಿಯೊಳಗ ತೀರಿಕೊಂಡ್ಲು. ನಾಕು ವರ್ಷದ ಮ್ಯಾಲ. ನನ್ನ ಸಿಟ್ಟು ಎಲ್ಲಾ ಈ ನಾಕು ವರ್ಷದ ಮ್ಯಾಲ ಐತಿ ನೋಡ್ರಿ. ಗಲ್ಲಿಗೆ ಏರಿದ್ದು ಒಂದ ದಿನಾ, ಲಾವಣಿ ಕಟ್ಟಾಕ ಬರತೈತಿ, ಪರದೆ ಮ್ಯಾಲ ತೋರಸಾಕ ಬರತೈತಿ. ನಾಕು ವರ್ಷ ನಾಕು ಗ್ವಾಡಿ ನಡುವ, ಹೊರಗ ತನ್ನ ಮಂದಿ ಏನಾದ್ರು ಅನ್ನೂ ಸುದ್ದಿಗೆ ಕಿವಿ ಕೊಟ್ಟು, ಎರಡು ಸೊಸಿಯಂದ್ರ ಮಾರಿ ನೋಡಿ, ಅಳಬ್ಯಾಡ್ರಿ ಅಂತ ಹೇಳಿ ದಿನಾ ತಗದಿದ್ದು ಯಾವ ಲಾವಣಿಗೆ ಬಂತು? ಮನ್ಯಾಗ ಹಾಸಿಗಿ ಹಿಡದವರನ್ನ ವರ್ಷಗಟ್ಟಲೆ ನೋಡ್ಕೊಂಡ ಹೆಣ್ಮಕ್ಕಳಿಗೆ ಕೇಳ್ರಿ, ಒಂದ ದಿನದ ಧೈರ್ಯ ದೊಡ್ಡದೋ ನಾಕು ವರ್ಷದ್ದೋ ಅಂತ.

ಇನ್ನ ರಾಯಣ್ಣನ ದೊಡ್ಡ ಬಂಡ ಯಾವಾಗಿಂದು? ಬೀಡಿ ಊರಿನ ಕಚೇರಿ ಸುಟ್ಟಿದ್ದು 1830ರ ಶುರುವಿಗೆ. ಹಿಡದಿದ್ದು ಅದ ವರ್ಷ ಏಪ್ರಿಲಿನ್ಯಾಗ. ನಂದಗಡದಾಗ ಗಲ್ಲಿಗೆ ಹಾಕಿದ್ದು 1831ರ ಜನೆವರಿ 26ಕ್ಕ. ಅಂದ್ರ ರಾಣಿ ಮಣ್ಣಾಗಿ ಹೆಚ್ಚೂಕಡಿಮಿ ಒಂದ ವರ್ಷಕ್ಕ ಅಂವ ಎದ್ದು ನಿಂತಾಂವ. ಯಾರ ಸಲುವಾಗಿ? ಅದ ದತ್ತಕದ ಹುಡುಗ ಶಿವಲಿಂಗಪ್ಪನ್ನ ಗಾದಿ ಮ್ಯಾಲ ಕುಂದರಸಾಕ. ಸಹಿ ಸುಳ್ಳು ಅಂತ ಥ್ಯಾಕರೆ ಅಂದ ಆ ಕಾಗದಕ್ಕ ಅಂವ ಜೀವಾ ಕೊಟ್ಟ. ಅಂವಗ ಗೊತ್ತಿತ್ತು ತನ್ನ ಕತಿ ಯಾರ ಕತಿ ಒಳಗಿಂದು ಅಂತ. ಗೊತ್ತಿಲ್ಲದವರು ನಾವು. ರಾಣಿನ ಕತ್ತಿ ಕೊಡೂಕಿ ಮಾಡಿದ್ರ ರಾಯಣ್ಣನೂ ಬರೇ ಬಡದಾಡೂ ಆಳ ಆಗಿ ಉಳೀತಾನ. ಅವನ ನಿಷ್ಠಾ ಎಷ್ಟ ದೊಡ್ಡದು ಅನ್ನೂದು ತಿಳೀಬೇಕಂದ್ರ, ಸತ್ತ ರಾಣಿ ಮಾತಿಗೆ ಅಂವ ಬಡದಾಡಿದ ಅನ್ನೂದು ತಿಳೀಬೇಕು.

ಇದು ಹೆಂಗ ಬದಲಾತು ಅಂತ ಕೇಳ್ರಿ. 1961ರಾಗ ಪಂತುಲು ಅವರು ಪಿಚ್ಚರ್ ತಗದಾಗ ಅದರ ಹೆಸರು 'ಕಿತ್ತೂರು ಚೆನ್ನಮ್ಮ', ರಾಜಕುಮಾರ್ ಅಂಥಾ ರಾಜಕುಮಾರ್ ಮಲ್ಲಸರ್ಜ ಆಗಿ ಹೆಂಡತಿ ಕತ್ಯಾಗ ನಿಂತಿದ್ರು. 2012ರಾಗ ಬಂದಿದ್ದು 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ'. ದರ್ಶನ್ ರಾಯಣ್ಣ, ಜಯಪ್ರದಾ ರಾಣಿ. ಬೈಲಹೊಂಗಲದಾಗ ಮಂದಿ ಜಾತ್ರಿಗೆ ಹೋದಂಗ ಹೋದ್ರು, ನಾನೂ ಹೋಗಿದ್ದೆ, ಕಣ್ಣೀರೂ ಹಾಕೇನಿ. ಐವತ್ತು ವರ್ಷದಾಗ ಹೆಸರಿನ ಫಲಕ ತಿರುವಿ ಹಾಕಿದ್ರು. ಬೆಂಗಳೂರಿನ ದೊಡ್ಡ ರೈಲ್ವೆ ಸ್ಟೇಷನ್ನಿಗೆ ರಾಯಣ್ಣನ ಹೆಸರು. ನಮ್ಮ ಕಡೆ ಬರೂ ಗಾಡಿ ಹೆಸರು ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್. ರಾಯಣ್ಣ ಅಲ್ಲೇ ಗಟ್ಟಿಯಾಗಿ ನಿಂತಾನ, ರಾಣಿ ರಾತ್ರಿ ಇಡೀ ಓಡಾಡತಾಳ. ನಮ್ಮ ಮನೆಯವರಿಗೆ ಇದನ್ನ ಹೇಳಿದೆ, 'ಮನ್ಯಾಗೂ ಹಂಗ ಅಲ್ಲೇನು' ಅಂತ ತಾವ ಅಂದು ನಕ್ಕರು. ಅಷ್ಟರ ತಿಳೀತು.

ನ್ಯಾಯಾ ಹೇಳಬೇಕಂದ್ರ ಪಿಚ್ಚರ್ ಬರೂಕಿಂತ ಭಾಳ ಮೊದಲ ಲಾವಣಿಯವರು ರಾಯಣ್ಣನ್ನ ಹಿಡದಿದ್ರು. ಫ್ಲೀಟ್ ಅನ್ನೂ ಸಾಹೇಬ ಇಂಗ್ರೇಜರ ಕಾಲದಾಗ ನಮ್ಮ ಕಡೆ ಲಾವಣಿ ಬರಸ್ಕೊಂಡು ಛಾಪಿಸಿದಾಗ ಅದರಾಗ ಸಂಗೊಳ್ಳಿ ರಾಯಣ್ಣನ ಲಾವಣಿ ಐತಿ, ನಮ್ಮೂರ ಸಂಗ್ಯಾಂದೂ ಐತಿ. ಬಡವರ ಮಗ ಬಡವರ ಬಾಯಾಗ ಬೆಳದ. ಅರಮನಿ ರಾಣಿಗಿಂತ ಹೊಲದಾಗಿನ ಹುಡುಗ ತಮ್ಮಾಂವ ಅಂತ ಅನಸಿದ್ದು ತಪ್ಪಲ್ಲ. ಅದನ್ನ ನಾ ಒಪ್ಪತೇನಿ. ಆದರ ಲಾವಣಿ ಹಾಡಿದವರೂ ಗಂಡಸರು, ಪಿಚ್ಚರ್ ತಗದವರೂ ಗಂಡಸರು. ಮನ್ಯಾಗ ಕತಿ ಹೇಳೂ ನಾವು ಏನ ಮಾಡಾಕತ್ತಿದ್ವಿ?

ಇನ್ನೊಂದು. ಝಾನ್ಸಿ ಕತಿ ತಗೋರಿ. ನಮ್ಮಾಕಿ ಆಗಿ ಹೋದ 33 ವರ್ಷದ ಮ್ಯಾಲಿಂದು, ಅಲ್ಲೂ ದತ್ತಕದ್ದ ಜಗಳಾ. ಆ ಕತ್ಯಾಗ ತಾತ್ಯಾ ಟೋಪೆ ಇದ್ದಾನ, ಅವನ್ನೂ ಗಲ್ಲಿಗೆ ಹಾಕಿದ್ರು, ಅಂವನೂ ಶೂರನ. ಆದರ ಯಾವ ಹುಡುಗನೂ ತಾತ್ಯಾಗ ಇಪ್ಪತ್ತೆರಡು ಚೌಕ ಕೊಟ್ಟು ಲಕ್ಷ್ಮೀಬಾಯಿಗೆ ಒಂದ ಕೊಡೂದಿಲ್ಲ. ಯಾಕ? ಆಕಿ ಸಣ್ಣ ವಯಸ್ಸಿನಾಕಿ, ಕುದರಿ ಮ್ಯಾಲ ಬಡದಾಡತಾ ಸತ್ತಾಕಿ. ನಮ್ಮಾಕಿಗೆ 1824ರಾಗ 46 ವರ್ಷ. ಸಾಯೂ ಮುಂದ 50 ತುಂಬಿತ್ತು. ನನಗಿಂತ ಸ್ವಲ್ಪ ಸಣ್ಣಾಕಿ, ನಿಮ್ಮಾಗ ಭಾಳ ಮಂದಿ ವಾರಗಿಯಾಕಿ. ಪಿಚ್ಚರಿನ್ಯಾಗ ರಾಣಿ ಆದ ಸರೋಜಾದೇವಿಗೆ ಆಗ 23. ಮಣಕಾಲ ನೋವಿನ ವಯಸ್ಸಿನಾಗ ಕಂಪನಿ ಸರಕಾರಕ್ಕ ಬಾಗಲಾ ಹಾಕಿದ ವಿಧವಿ ಹೆಣ್ಮಗಳು ಅಂದ್ರ ಸೂಪರ್ ಹೀರೋ ಆಗಾಕ ಬರೂದಿಲ್ಲಂತ, ಕತ್ತಿ ಕೊಡಾಕ ಅಷ್ಟ ಬರತೈತಂತ.

ಆಕಿ ಒಂದ ಮಂದ್ಯಾಕಿ, ಅಂವ ಇನ್ನೊಂದ ಮಂದ್ಯಾಂವ ಅಂತ ಬ್ಯಾನರ್ ಹಚ್ಚಿ ಜಗಳಾ ತಗಿಯವರಿಗೆ ನಾ ಏನೂ ಹೇಳೂದಿಲ್ಲ. ಅದು ಅಡಗಿ ಮನ್ಯಾಗ ಬರೂದು ಬ್ಯಾಡ. ಅವರಿಬ್ಬರೂ ಬದಕಿದ್ದಾಗ ಬರಲಿಲ್ಲ.

ನಾ ಹುಡುಗನ ವಹಿ ಹರೀಲಿಲ್ಲ, ಬೈಲಿಲ್ಲ. ಮಧ್ಯಾಹ್ನ ರೊಟ್ಟಿ ಆದಮ್ಯಾಲ ಇಬ್ಬರನ್ನೂ ಕುಂದರಿಸಿಕೊಂಡು ಈ ಎಲ್ಲಾ ಕತಿ ಹೇಳಿದೆ. ಸಹಿ ಜಗಳದ ಹೊತ್ತಿಗೆ ಸಣ್ಣಾಂವ ಆಕಳಿಸಿದ. 'ಇದರಾಗ ಫೈಟಿಂಗ್ ಇಲ್ಲ ಅಜ್ಜಿ' ಅಂದ. ದೊಡ್ಡಾಕಿ ಮಾತ್ರ ಸುಮ್ನ ಕೇಳಿದ್ಲು. ಆಮ್ಯಾಲ ಒಂದ ಮಾತ ಕೇಳಿದ್ಲು: 'ಸೊಸಿಯಂದ್ರು ಯಾಕ ಜೋಡಿ ಹ್ವಾದ್ರು? ತವರಮನಿಗೆ ಹೋಗಬಹುದಿತ್ತಲ್ಲ?' ನನ್ನ ಸೊಸಿ ಅಲ್ಲೇ ಭಾಂಡೆ ಒರಸಾಕತ್ತಿದ್ಲು, ಕೈ ನಿಲ್ಲಿಸಿ ನನ್ನ ಮಾರಿ ನೋಡಿದ್ಲು. ಉತ್ತರಾ ನಾವಿಬ್ಬರೂ ಕೊಡಲಿಲ್ಲ.

ಸಂಜೀಕ ನೋಡಿದ್ರ ಹುಡುಗಿ ತಮ್ಮನ ವಹ್ಯಾಗ ಒಂದ ಹಾಳಿ ಅಂಟಿಸಿದ್ಲು, ಅನ್ನದ ಅಗಳೀಲೆ. ನಾಕು ಚೌಕ. ಮೊದಲನೇದರಾಗ ರಾಣಿ ಪತ್ರಾ ಬರಿಯಾಕತ್ತಾಳ. ಎರಡನೇದರಾಗ ಬಾಗಲಾ ಹಾಕಾಕತ್ತಾಳ. ಮೂರನೇದರಾಗ ಸರಳಿನ ಕಿಡಕಿ, ಒಳಗ ಮೂರು ಮಂದಿ ಹೆಣ್ಮಕ್ಕಳು ಕುಂತಾರ, ನಡುವಿನಾಕಿಗೆ ಕಿರೀಟ ಇಲ್ಲ, ಬಿಳಿ ಕೂದಲ ತಗದಾಳ, ನನ್ನಂಗ ಹೆರಳ ಹಾಕ್ಯಾಳ. ನಾಕನೇದು ಖಾಲಿ ಬಿಟ್ಟಾಳ. ಸಮಾಧಿ ಹೆಂಗೈತಿ ನೋಡಿ ಬಂದು ತಗೀತೇನಿ ಅಂದ್ಳು.

ಬರೂ ಸೋಮವಾರ ಹೊಂಟೇವಿ. ಬೈಲಹೊಂಗಲದವರು ನಡಕೋತ ಬರ್ರಿ. ಕಿತ್ತೂರ ವೈನಿ, ಸವದತ್ತಿ ಅಕ್ಕಾರ, ರಾಮದುರ್ಗದ ತಂಗಿದ್ಯಾರು ಯಾರ್ಯಾರು ಬರ್ತೀರಿ ಅಂತ ರವಿವಾರ ಸಂಜಿ ಒಳಗ ಫೋನ್ ಮಾಡ್ರಿ, ರೊಟ್ಟಿ ಎಷ್ಟ ಬಡೀಬೇಕು ಗೊತ್ತಾಗಬೇಕಲ್ಲ. ರಂಜಕಾ ಭರಣಿ ತುಂಬ ಐತಿ, ಅದರ ಅಳತಿನೂ ಅಲ್ಲೇ ಹೇಳತೇನಿ.